ತಂದವನು ಕೊನೆಗೆ

ಮದುವೆಯಾಗಿ ಮೂರು ತಿಂಗಳಾಗಿತ್ತು. ಕತ್ತರಿ ಇನ್ನೂ ತನ್ನ ಹೆಂಡತಿಯ ಕೈಯಡುಗೆಯನ್ನು ಒಂದು ತುತ್ತೂ ತಿಂದಿರಲಿಲ್ಲ.

ಕತ್ತರಿ ಅವನ ಹೆಸರಲ್ಲ. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಕಾಗದದ ಅಂಚು ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ, ಅದಕ್ಕೆ ಎಲ್ಲರೂ ಹಾಗೆ ಕರೆಯುತ್ತಿದ್ದರು. ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಮಧ್ಯಾಹ್ನ ಹೋದರೆ ಬರುವಾಗ ರಾತ್ರಿ ಹನ್ನೊಂದು ಗಂಟೆ, ಊಟ ಅಲ್ಲಿಯ ಕ್ಯಾಂಟೀನಿನಲ್ಲೇ. ಇವನು ಸಂಜೆ ಬಂದು ಬ್ರೆಡ್ಡು ಹಾಲಿನಲ್ಲಿ ಅದ್ದಿಕೊಂಡು ತಿಂದು ಬಿದ್ದುಕೊಳ್ಳುತ್ತಿದ್ದ. ಭಾನುವಾರ ಬಂತೆಂದರೆ ಹೊಸ ಜೋಡಿ ಅಂತ ಯಾರಾದರೂ ನೆಂಟರು ಊಟಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಉಳಿದದ್ದು ಮಧ್ಯಾಹ್ನದ ಡಬ್ಬಿ ಒಂದೇ. ಇವನು ಎಂಟು ಗಂಟೆಗೆ ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಅದು ಬಿಸಿಬಿಸಿಯಾಗಿ ಮೇಜಿನ ಮೇಲೆ ಕೂತಿರುತ್ತಿತ್ತು. ಅಡುಗೆಮನೆಯ ಕಡೆ ತಲೆ ಹಾಕುವ ಜಾತಿಯ ಗಂಡಸಲ್ಲ ಅವನು.

"ಏನೇ ಇದೆ ಇದರಲ್ಲಿ?" ಅಂದರೆ, "ಹೋಗಿ ನೋಡ್ಕೊಳ್ರೀ," ಅನ್ನುತ್ತಿದ್ದಳು.

ನೋಡಿಕೊಳ್ಳುವುದಕ್ಕೆ ಬಿಟ್ಟರೆ ತಾನೆ! ಕಾರ್ಖಾನೆಯಲ್ಲಿ ಒಂದು ಹಾಳು ನಿಯಮವಿತ್ತು. ಊಟದ ಹೊತ್ತಿಗೆ ಎಲ್ಲರ ಡಬ್ಬಿಗಳೂ ಮೇಜಿನ ನಡುವೆ ತೆರೆದುಕೊಳ್ಳಬೇಕು. ಯಾವ ಡಬ್ಬಿಗೂ ಅದನ್ನು ತಂದವನು ಕೊನೆಗೆ ಕೈ ಹಾಕಬೇಕು. ಈ ನಿಯಮ ಮಾಡಿದವರು ಮೇಸ್ತ್ರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದ ಅವರ ಡಬ್ಬಿಯಲ್ಲಿ ಇಪ್ಪತ್ತು ವರ್ಷದಿಂದ ಬೇಯಿಸಿದ ಸೋರೆಕಾಯಿ ಬಿಟ್ಟು ಬೇರೇನೂ ಇರಲಿಲ್ಲ ಅಂದಮೇಲೆ ನಿಯಮದ ಗುಟ್ಟು ಯಾರಿಗಾದರೂ ಗೊತ್ತಾದೀತು. ನಿಯಮ ಮಾಡುವವರು ಎಲ್ಲಾ ಕಡೆಯೂ ಹೀಗೇ, ತಮ್ಮ ಡಬ್ಬಿ ನೋಡಿಕೊಂಡೇ ಮಾಡುತ್ತಾರೆ.

ಪುಸ್ತಕದ ಹಾಳೆ ಹೊಲಿಯುವ ಅಕ್ಕ, ರಟ್ಟಿಗೆ ಅಂಟು ಬಳಿಯುವ ಅಂಟಣ್ಣ, ಮೇಸ್ತ್ರಿ, ಈ ಮೂವರೂ ಕತ್ತರಿಯ ಡಬ್ಬಿಯ ಮೇಲೆ ಬಿದ್ದರೆ ಮಿಡತೆ ಹಿಂಡು ಇಳಿದು ಎದ್ದ ಹಾಗೆ. ಕೊನೆಗೆ ಅವನ ಪಾಲಿಗೆ ಬರುತ್ತಿದ್ದದ್ದು ಡಬ್ಬಿಯ ಗೋಡೆಗೆ ಅಂಟಿದ ಎರಡು ಸಾಸಿವೆ ಕಾಳು. ಅಕ್ಕನಂತೂ ಮೊದಲ ವಾರವೇ ನಂಬರ್ ಇಸಕೊಂಡು ಅವನ ಹೆಂಡತಿಗೆ ಫೋನು ಮಾಡಿ, "ಆ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು ಕಣಮ್ಮ," ಅಂದಿದ್ದಳು.

ಉಳಿದವರ ಡಬ್ಬಿಗಳಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಏನಾದರೂ ಬೀಳಬೇಕಲ್ಲ ಅಂತ ಕತ್ತರಿ ದಿನವೂ ಎದುರುಗಡೆಯ ಹೋಟೆಲಿಗೆ ಓಡುತ್ತಿದ್ದ. ಅಲ್ಲಿ ಬದನೆಕಾಯಿ ಪಲ್ಯ ತಿನ್ನುತ್ತಾ, "ಏನ್ ಯಜಮಾನ್ರೇ, ಇದನ್ನ ಬದನೆಕಾಯಿ ಅಂತೀರಾ? ನಮ್ಮನೆಯವಳ ಕೈದು ತಿಂದು ನೋಡ್ಬೇಕು ನೀವು!" ಅಂತ ಹೀಯಾಳಿಸುತ್ತಿದ್ದ. ಹೋಟೆಲಿನ ಯಜಮಾನ ಮೀಸೆ ಒಳಗೇ ನಗುತ್ತಾ, "ಹೌದಾ? ಪುಣ್ಯವಂತ ಬಿಡಪ್ಪ," ಅನ್ನುತ್ತಿದ್ದ.

ಆ ದಿನ ಬೆಳಿಗ್ಗೆ ಡಬ್ಬಿಯಿಂದ ಬಂದ ಪರಿಮಳಕ್ಕೆ ಕತ್ತರಿಯ ತಲೆ ಕೆಟ್ಟಿತು. ಬೆಳ್ಳುಳ್ಳಿ ಅಂತ ಒಂದು ಮೂಗಿನ ಹೊಳ್ಳೆ ಹೇಳಿತು, ಅಲ್ಲ ಹುರಿದ ಮೊಟ್ಟೆ ಅಂತ ಇನ್ನೊಂದು. ಬಸ್ಸಿನಲ್ಲಿ ತೆರೆದು ನೋಡೋಣವೆಂದರೆ ಪಕ್ಕದಲ್ಲಿ ಕೂತವನು ಆಗಲೇ ಮೂಸುತ್ತಿದ್ದ. ಕಾರ್ಖಾನೆಯ ಬಾಗಿಲು ದಾಟುವಷ್ಟರಲ್ಲಿ ಕತ್ತರಿ ತೀರ್ಮಾನಿಸಿಬಿಟ್ಟಿದ್ದ: ಇವತ್ತು ಈ ಡಬ್ಬಿಯಲ್ಲಿ ಏನಿದೆಯೋ ಅದು ತನ್ನ ಹೊಟ್ಟೆಗೇ.

ಒಂದು ಗಂಟೆಗೆ ಮೂರು ಕೈಗಳು ಒಟ್ಟಿಗೇ ಮುಂದೆ ಬಂದವು. ಕತ್ತರಿ ಡಬ್ಬಿಯನ್ನು ಎದೆಗವಚಿಕೊಂಡು ಮುಖ ಸಣ್ಣದು ಮಾಡಿದ.

"ಇವತ್ತು ಬೇಡಿ. ನಿಮಗೆ ಸೇರಲ್ಲ ಇದು. ಡಾಕ್ಟ್ರು ನಂಗೆ ಉಪ್ಪು, ಎಣ್ಣೆ, ಖಾರ ಎಲ್ಲಾ ಬಿಡಿಸಿದಾರೆ. ಸಪ್ಪೆ ಅಡುಗೆ."

"ಅಯ್ಯೋ ತಮ್ಮಾ!" ಅಕ್ಕ ಎದೆ ಮೇಲೆ ಕೈಯಿಟ್ಟುಕೊಂಡಳು. "ಈ ವಯಸ್ಸಿಗೇ?"

"ಯಾವ ಡಾಕ್ಟ್ರು?" ಅಂದರು ಮೇಸ್ತ್ರಿ. ಕಾಯಿಲೆಯ ವಿಷಯದಲ್ಲಿ ಅವರು ಬೇರೆಯವರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವವರಲ್ಲ.

"ಅದೇ... ಕನ್ನಡಕ ಹಾಕಿರ್ತಾರಲ್ಲ, ಅವರು."

"ಹಾಂ, ಅವರು ಒಳ್ಳೆ ಡಾಕ್ಟ್ರು," ಅಂತ ಅಂಟಣ್ಣ ತಲೆಯಾಡಿಸಿದ.

ಎಲ್ಲ ಸರಿಹೋಯಿತೆಂದು ಕತ್ತರಿ ಮೆಲ್ಲಗೆ ಮುಚ್ಚಳ ತೆಗೆದ. ಬೆಳ್ಳುಳ್ಳಿ ಅನ್ನ. ಅದರ ಮೇಲೆ ಎಣ್ಣೆಯಲ್ಲಿ ಮಿರಮಿರ ಮಿಂಚುವ ಬದನೆಕಾಯಿ. ಅಂಚಿನಲ್ಲಿ ಕೆಂಪಗೆ ಹುರಿದ ಎರಡು ಮೊಟ್ಟೆ. ಅವನು ಕೈ ಹಾಕುವ ಮೊದಲೇ ಮೇಸ್ತ್ರಿಯ ಬೆರಳು ನುಗ್ಗಿ, ಒಂದು ಹೋಳು ಎತ್ತಿ, ಬಾಯಿಗೆ ಸೇರಿಸಿಯಾಗಿತ್ತು.

"ಉಪ್ಪಿದೆ!" ಮೇಸ್ತ್ರಿ ಗುಡುಗಿದರು. "ಖಾರ ಇದೆ! ಎಣ್ಣೆಯಂತೂ ಸುರೀತಾ ಇದೆ! ಲೋ ಕತ್ತರಿ, ನಿನ್ ಹೆಂಡ್ತಿಗೆ ಹೇಳಿಲ್ವೇನೋ?"

"ಅದು... ಮರೆತಿರ್ಬೇಕು. ಪರವಾಗಿಲ್ಲ, ಇವತ್ತೊಂದಿನ..."

"ಇವತ್ತೊಂದಿನ ಅಂದೋರೆಲ್ಲ ಎಲ್ಲಿದಾರೆ ಗೊತ್ತಾ ಮಗಾ?" ಅಂಟಣ್ಣ ಕಿಟಕಿಯಾಚೆ ಆಕಾಶ ತೋರಿಸಿದ, ಇನ್ನೊಂದು ಕೈಯಿಂದ ಡಬ್ಬಿ ಎಳೆದುಕೊಂಡ. "ಇದು ನಿನ್ನ ಕಣ್ಣ ಮುಂದೇನೇ ಇರಬಾರದು."

ಡಬ್ಬಿ ಮೂವರ ಕೈ ಬದಲಾಯಿಸಿ ಕತ್ತರಿಯಿಂದ ದೂರದ ಮೂಲೆ ಸೇರಿತು. ಅನ್ನ ಚೆಲ್ಲುವುದು ಪಾಪ ಅಂತ ಅಕ್ಕ ಅಂದಳು. ಪಾಪಕ್ಕೆ ಹೆದರಿ ಮೂವರೂ ಕಷ್ಟಪಟ್ಟು ಅದನ್ನು ಖಾಲಿ ಮಾಡಿದರು. ಕಷ್ಟ ಎಷ್ಟಿತ್ತೆಂದರೆ ಅಂಟಣ್ಣ ತಳವನ್ನು ಬೆರಳಿನಿಂದ ಒರೆಸಿ ನೆಕ್ಕಿದ. ಕತ್ತರಿಯ ಮುಂದೆ ಮೇಸ್ತ್ರಿ ತಮ್ಮ ಡಬ್ಬಿ ತಂದಿಟ್ಟರು.

"ತಗೋ, ಸೋರೆಕಾಯಿ. ಇಪ್ಪತ್ತು ವರ್ಷದ ಅನುಭವ ಇದೆ ಇದರಲ್ಲಿ. ಪೂರ್ತಿ ನಿಂದೇ."

ಮೇಸ್ತ್ರಿಯ ಕಣ್ಣಲ್ಲಿ ನೀರಿತ್ತು. ಅದು ಕರುಣೆಯೋ ಬಿಡುಗಡೆಯೋ ಹೇಳುವುದು ಕಷ್ಟ.

ಸೋರೆಕಾಯಿ ಒದ್ದೆ ರಟ್ಟಿನ ಹಾಗಿತ್ತು. ಎರಡು ತುತ್ತು ನುಂಗಿ, ಕೈ ತೊಳೆಯುವ ನೆಪದಲ್ಲಿ ಕತ್ತರಿ ರಸ್ತೆ ದಾಟಿ ಹೋಟೆಲಿಗೆ ಓಡಿದ. ಕೂತ. ಯಜಮಾನ ಒಂದು ಲೋಟ ಬಿಸಿನೀರು ತಂದಿಟ್ಟ.

"ಊಟ ಯಜಮಾನ್ರೇ!"

"ಇಲ್ಲಪ್ಪ. ನಿಮ್ಮ ಹೊಲಿಯೋ ಅಕ್ಕ ಈಗ ತಾನೆ ಕಿಟಕಿಯಿಂದ ಕೂಗಿ ಹೇಳಿದ್ರು. ಉಪ್ಪು ಬಿದ್ರೆ ನೀನು ಬೀಳ್ತೀಯಂತೆ. ನನ್ನ ಹೋಟ್ಲಲ್ಲೇ ಬೀಳ್ಬೇಡ ಮಾರಾಯ, ಗಿರಾಕಿಗಳು ಬರೋ ಹೊತ್ತು."

"ನಂಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೀನಿ!"

"ಬಿಸಿನೀರು ಕುಡಿ," ಅಂದ ಯಜಮಾನ, ಬಹಳ ಮೃದುವಾಗಿ.

ಸಂಜೆಯವರೆಗೆ ಕತ್ತರಿಯ ಹೊಟ್ಟೆ ಯಂತ್ರಕ್ಕಿಂತ ಜೋರಾಗಿ ಸದ್ದು ಮಾಡಿತು. ಒಂದು ಕಟ್ಟು ಪುಸ್ತಕದ ಅಂಚು ಸೊಟ್ಟಗೆ ಹೋಯಿತು. ಬೇರೆ ದಿನವಾಗಿದ್ದರೆ ಮೇಸ್ತ್ರಿ ಚರ್ಮ ಸುಲಿಯುತ್ತಿದ್ದರು. ಇವತ್ತು "ನಿಶ್ಶಕ್ತಿ ಪಾಪ," ಅಂತ ಬೆನ್ನು ಸವರಿದರು.

ಮನೆಗೆ ಬಂದರೆ ದೀಪ ಉರಿಯುತ್ತಿತ್ತು. ಹೆಂಡತಿ ಕೆಲಸಕ್ಕೆ ಹೋಗಿರಲಿಲ್ಲ. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಅಕ್ಕ ಫೋನ್ ಮಾಡಿದ್ರು. ನನ್ ಹತ್ರ ಯಾಕ್ರೀ ಮುಚ್ಚಿಟ್ರಿ? ರಜ ಹಾಕ್ದೆ. ಮೊದ್ಲು ಕೂತ್ಕೊಳ್ಳಿ, ನಾನೇ ಮಾಡಿದೀನಿ."

ತಟ್ಟೆ ಬಂತು. ಕತ್ತರಿ ಅದನ್ನು ಹತ್ತಿರ ಎಳೆದುಕೊಂಡ. ಮೂರು ತಿಂಗಳು! ತಟ್ಟೆಯಲ್ಲಿ ಬೂದುಬಣ್ಣದ್ದು ಏನೋ ಇತ್ತು. ಅನ್ನವಿರಬೇಕು, ಒಂದು ಕಡೆ ಸೀದಿತ್ತು, ಇನ್ನೊಂದು ಕಡೆ ಬೆಂದಿರಲಿಲ್ಲ. ಪಕ್ಕದಲ್ಲಿದ್ದದ್ದು ತರಕಾರಿ, ಯಾವ ತರಕಾರಿ ಅನ್ನುವುದು ಅದಕ್ಕೇ ಮರೆತುಹೋಗಿತ್ತು. ಬಾಯಿಗಿಟ್ಟುಕೊಂಡ. ಮೇಸ್ತ್ರಿಯ ಸೋರೆಕಾಯಿಯ ಮೇಲೆ ಅವನಿಗೆ ಮೊದಲ ಸಲ ಗೌರವ ಹುಟ್ಟಿತು.

ಎಲ್ಲ ತನ್ನ ಸುಳ್ಳಿನ ಫಲ, ಉಪ್ಪು ಎಣ್ಣೆ ಇಲ್ಲದೆ ಪಾಪ ಅವಳಾದರೂ ಏನು ಮಾಡಿಯಾಳು ಅಂದುಕೊಂಡು ಕತ್ತರಿ ಅವಳ ಕೈ ಹಿಡಿದ.

"ನೋಡೇ, ನಂಗೆ ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ. ಸುಳ್ಳು ಹೇಳ್ದೆ. ನೀನು ದಿನಾ ಕಳಿಸೋ ಊಟ ಆ ಮೂರು ಜನ ಮುಕ್ಕಿಬಿಡ್ತಾರೆ. ನಿನ್ ಕೈರುಚಿ ಒಂದ್ಸಲಾನಾದ್ರೂ ನೋಡ್ಬೇಕು ಅಂತ ಆಸೆ, ಅಷ್ಟೇ. ಎಳ್ಳಷ್ಟೂ ಹೆದರ್ಬೇಡ. ಉಪ್ಪು ಹಾಕಿ ದಿನದ ಥರಾನೇ ಮಾಡು."

ಅವಳು ಸೆರಗಿನ ತುದಿ ತಿರುಚಿದಳು. ಅವನ ಮುಖ ನೋಡಿದಳು, ಗೋಡೆ ನೋಡಿದಳು.

"ಉಪ್ಪು ಹಾಕಿದೀನಲ್ರೀ," ಅಂದಳು. "ಪೂರ್ತಿ ಸಪ್ಪೆ ಹೇಗೆ ತಿಂತೀರಿ ಅಂತ ಸ್ವಲ್ಪ ಹಾಕ್ದೆ."

"ಮತ್ತೆ ದಿನದ್ದು?"

"ದಿನದ್ದು ನಿಮ್ಮ ಕಾರ್ಖಾನೆ ಎದುರಿನ ಹೋಟ್ಲಿಂದ ತರೋದು. ನಂಗೆ ಅಡುಗೇನೇ ಬರಲ್ಲ. ಮೊದಲ್ನೇ ದಿನ ಹೆದರಿ ಬೆಳಿಗ್ಗೆ ಬಸ್ ಹತ್ಕೊಂಡ್ ಹೋಗಿ ತುಂಬಿಸ್ಕೊಂಡು ಬಂದೆ. ಅವತ್ತೇ ಅಕ್ಕ ಫೋನ್ ಮಾಡಿ ಬಳೆ ಗಿಳೆ ಅಂದ್ಬಿಟ್ರು. ಆಮೇಲೆ ನಿಲ್ಲಿಸೋದು ಹೆಂಗೆ ಹೇಳಿ?"

ಮೂರು ತಿಂಗಳು ತಾನು ಉಗಿದು ಉಪ್ಪಿನಕಾಯಿ ಹಾಕಿದ ಹೋಟೆಲಿನ ಬದನೆಕಾಯಿ ಕತ್ತರಿಯ ಕಣ್ಣ ಮುಂದೆ ಸಾಲುಗಟ್ಟಿ ನಿಂತಿತು.

ಅವಳು ಮಾತ್ರ ಅರಳಿದ್ದಳು. "ನನ್ ಕೈದು ತಿನ್ಬೇಕು ಅಂತ ಅಷ್ಟೊಂದು ಆಸೆ ಇತ್ತಾ ನಿಮಗೆ? ನಾಳೆಯಿಂದ ಡಬ್ಬೀನೂ ನಾನೇ ಮಾಡ್ತೀನಿ!"

ಮಾಡಲಿ, ಅಂದುಕೊಂಡ ಕತ್ತರಿ. ತಿನ್ನುವವರು ಮೂವರಿದ್ದಾರಲ್ಲ! ಜೀವಮಾನದಲ್ಲಿ ಮೊದಲ ಬಾರಿಗೆ ಮೇಸ್ತ್ರಿಯ ನಿಯಮ ಅವನಿಗೆ ನ್ಯಾಯವಾಗಿ ಕಂಡಿತು.

ಆಗ ಯಾರೋ ಬಾಗಿಲು ಬಡಿದರು. ಮೇಸ್ತ್ರಿ, ಅಕ್ಕ, ಅಂಟಣ್ಣ. ಮೂವರ ಕೈಯಲ್ಲೂ ಒಂದೊಂದು ಸೋರೆಕಾಯಿ.

"ನೋಡಮ್ಮ," ಅಂದರು ಮೇಸ್ತ್ರಿ, "ನಮಗೆ ಮನಸ್ಸು ತಡೀಲಿಲ್ಲ. ನಾಳೆಯಿಂದ ಇವನ ಡಬ್ಬಿ ಯಾರೂ ಮುಟ್ಟಲ್ಲ, ಆಣೆ ಮಾಡ್ಕೊಂಡಿದೀವಿ. ನಾನೇ ಪಕ್ಕದಲ್ಲಿ ಕೂತು ಪೂರ್ತಿ ತಿನ್ನಿಸ್ತೀನಿ."

"ನಂಗೆ ಕಾಯಿಲೆ ಇಲ್ಲ ಮೇಸ್ತ್ರಿ! ಸುಳ್ಳು ಹೇಳ್ದೆ! ನೀವೆಲ್ಲ ಧಾರಾಳವಾಗಿ ತಿನ್ನಿ!"

"ನಾನೂ ಮೊದಮೊದಲು ಹಿಂಗೇ ಒದರಾಡ್ತಿದ್ದೆ," ಅಂದರು ಮೇಸ್ತ್ರಿ.

"ತಿಂದು ನೋಡಿ, ನಾನೇ ಮಾಡಿದ್ದು," ಅಂತ ಹೆಂಡತಿ ಒಂದು ಚಮಚ ಮುಂದೆ ಹಿಡಿದಳು. ಮೇಸ್ತ್ರಿ ತಿಂದರು. ಇಪ್ಪತ್ತು ವರ್ಷ ಸೋರೆಕಾಯಿ ತಿಂದ ಮನುಷ್ಯ ನೀರು ಕೇಳಿದರು.

"ಇದೇ ಔಷಧಿ," ಅಂದರು, ಮೆತ್ತಗೆ.

"ಅಯ್ಯೋ, ಮತ್ತೆ ನಾವು ನಾಳೆಯಿಂದ ಏನು ತಿನ್ನೋದು?" ಅಂತ ಅಂಟಣ್ಣನ ಬಾಯಿಂದ ನಿಜ ಜಾರಿತು.

"ದಿನಾ ತಿಂತಿದ್ರಲ್ಲ, ಅದೇ ತಿನ್ನಿ ಅಣ್ಣಾ," ಅಂದಳು ಹೆಂಡತಿ ಸಂತೋಷದಿಂದ. "ನಿಮ್ಮ ಕಾರ್ಖಾನೆ ಎದುರಿನ ಹೋಟ್ಲಲ್ಲೇ ಸಿಗುತ್ತೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸೋರೆಕಾಯಿಗಳನ್ನು ಮೇಜಿನ ಮೇಲಿಟ್ಟು, ಹೋಟೆಲು ಮುಚ್ಚುವುದು ಎಷ್ಟು ಹೊತ್ತಿಗೆ ಅಂತ ಮಾತಾಡಿಕೊಳ್ಳುತ್ತಾ ಮೆಟ್ಟಿಲಿಳಿದು ಹೋದರು.

ಹೆಂಡತಿ ಬಾಗಿಲು ಹಾಕಿ ಬಂದು, ಗಂಡನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.