ತಂಗಿಯನ್ನು ಹೊರಹಾಕಿದ ಮಧ್ಯಾಹ್ನ

ನಾನು ಹೊಸದುರ್ಗದಲ್ಲಿ ಹೈಸ್ಕೂಲು ಗಣಿತ ಮೇಷ್ಟ್ರು. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತವನಿಗೆ ರಂಗದ ಮೇಲೆ ನಿಲ್ಲುವುದೇನು ಮಹಾ ಎಂದುಕೊಂಡು, ನಾವು ಶಿಕ್ಷಕರೇ ಸೇರಿ ಆಡುವ ಕೌಟುಂಬಿಕ ನಾಟಕದಲ್ಲಿ ಅಣ್ಣನ ಪಾತ್ರ ಒಪ್ಪಿಕೊಂಡೆ. ಗಂಡ ಸತ್ತು ತವರಿಗೆ ಬಂದ ತಂಗಿಯನ್ನು ಮನೆಯಿಂದ ಹೊರಹಾಕುವ ಅಣ್ಣ.

"ನಿಮಗೆ ಬೇರೆ ಪಾರ್ಟು ಸಿಗಲಿಲ್ವಾ?" ಎಂದಳು ನನ್ನ ಹೆಂಡತಿ ಶಾಂತಾ.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಬಾಗೂರಿನಲ್ಲಿರುವ ನನ್ನ ತಂಗಿ ಗಿರಿಜೆಯ ಜೊತೆ ನಾನು ಮಾತು ಬಿಟ್ಟು ಒಂದು ವರ್ಷವಾಗಿತ್ತು. ಅವಳ ಹೊಸಮನೆಯ ಗೃಹಪ್ರವೇಶದ ಕಾರ್ಡಿನಲ್ಲಿ 'ಸುಖಾಗಮನ ಬಯಸುವವರು' ಎಂದು ಭಾವನ ಕಡೆಯ ಹದಿನಾಲ್ಕು ಹೆಸರುಗಳಿದ್ದವು. ನನ್ನದಿರಲಿಲ್ಲ. ಎರಡು ಸಲ ಎಣಿಸಿದೆ, ಗಣಿತದ ಮೇಷ್ಟ್ರಲ್ಲವೇ. ಹೆಂಡತಿಯೊಬ್ಬಳನ್ನೇ ಕಳಿಸಿ ನಾನು ಮನೆಯಲ್ಲೇ ಉಳಿದೆ.

ಈಗ ಶಾಂತಾ ನನಗೆ ಹೇಳದೆ ಗಿರಿಜೆಯನ್ನು ನಾಟಕಕ್ಕೆ ಕರೆದಿದ್ದಳು. ಪರದೆಯ ಸಂದಿಯಿಂದ ಇಣುಕಿದಾಗ ಇಬ್ಬರೂ ಎರಡನೇ ಸಾಲಿನಲ್ಲಿ ಕಂಡರು. ನನ್ನ ನಟನೆ ನೋಡಿ ತಂಗಿಯೇ ಬಂದು ಮಾತಾಡಿಸುತ್ತಾಳೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಪಾತ್ರ ಯಾವುದೆಂಬುದು ಆ ಕ್ಷಣಕ್ಕೆ ಮರೆತೇ ಹೋಗಿತ್ತು.

ಮಧ್ಯಾಹ್ನ ಮೂರಕ್ಕೆ ನಾಟಕ ಶುರುವಾಯಿತು. ನಾನು ತಂಗಿಯ ಗಂಟನ್ನು ಹೊರಗೆಸೆದಾಗ ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತಳು. "ಲೇ, ಒಡಹುಟ್ಟಿದೋಳು ಕಣಲೇ ಅವಳು. ನಿಂಗೆ ಕರುಳು ಐತೋ ಇಲ್ವೋ?"

ಹಿಂದಿನಿಂದ ಯಾರೋ ನನ್ನನ್ನು ಕೆಳಗೆ ಎಳೆದುಹಾಕುವಂತೆ ಸಲಹೆ ಕೊಟ್ಟರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಬೈಗುಳವನ್ನೆಲ್ಲ ಪ್ರಶಸ್ತಿಯಂತೆ ಸ್ವೀಕರಿಸಿ ದನಿ ಏರಿಸಿದೆ. ಬರೆದ ಮಾತು ಮುಗಿದರೂ ಆವೇಶ ಮುಗಿಯಲಿಲ್ಲ. ಸ್ವಂತದ್ದು ಸೇರಿಸಿದೆ.

"ನಿನ್ನ ಕಾರ್ಡಿನಲ್ಲಿ ನನ್ನ ಹೆಸರೇ ಇರಲಿಲ್ಲವಲ್ಲೇ!"

ನಾಟಕದಲ್ಲಿ ಕಾರ್ಡೇ ಇರಲಿಲ್ಲ. ತಂಗಿಯ ಪಾತ್ರದ ಅಂಬಿಕಾ ಟೀಚರ್ ಅಳು ನಿಲ್ಲಿಸಿ ನನ್ನನ್ನೇ ನೋಡಿದರು. ಎರಡನೇ ಸಾಲಿನಲ್ಲಿ ಶಾಂತಾ ಹಣೆ ಹಿಡಿದುಕೊಂಡಳು. ಗಿರಿಜೆ ಎದ್ದು, ಚೀಲ ತೆಗೆದುಕೊಂಡು, ಬಾಗಿಲ ಕಡೆ ನಡೆದಳು.

ರಂಗದಿಂದ ಧುಮುಕಿದೆ. ಪಂಚೆ ಮೊಳೆಗೆ ಸಿಕ್ಕಿ ಹರಿಯಿತು. ಅಣ್ಣನಿಗೆ ಪಶ್ಚಾತ್ತಾಪವಾಯಿತೆಂದು ತಿಳಿದು ಜನ ಚಪ್ಪಾಳೆ ಹೊಡೆದು ದಾರಿ ಬಿಟ್ಟರು. ಅಜ್ಜಿ ಮಾತ್ರ ಕೊಡೆಯಿಂದ ಒಂದೇಟು ಕೊಟ್ಟೇ ಬಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ತಂಗಿ ಸಿಕ್ಕಳು. ನನಗೆ ಅಂಟಿಸಿದ್ದ ಮೀಸೆಯ ಅರ್ಧ ಗಲ್ಲದ ಮೇಲೆ ಜೋತಾಡುತ್ತಿತ್ತು. ಬಾಗೂರಿನ ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ತಪ್ಪಾಯಿತು, ಎದ್ದು ಹೋಗುವಷ್ಟು ನೋಯಿಸಿಬಿಟ್ಟೆ ಎಂದೆ.

"ಎದ್ದಿದ್ದು ಐದು ಗಂಟೆ ಬಸ್ಸಿಗೆ ಕಣಣ್ಣ. ಹಾಲು ಕರಿಯಾಕೆ ಮನೇಲಿ ಯಾರೂ ಇಲ್ಲ," ಎಂದಳು. ಆಮೇಲೆ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡು ಕೇಳಿದಳು. "ಕಾರ್ಡಿಗಾ ನೀನು ಬರದೇ ಇದ್ದಿದ್ದು? ತವರಿನೋರನ್ನ ನಾವು ಕರಿಯಾದು. ಕರಿಸ್ಕೊಳ್ಳೋನ ಹೆಸರನ್ನ ಕರಿಯೋರ ಪಟ್ಟೀಲಿ ಹಾಕ್ತಾರಾ? ನೀನು ಬತ್ತೀಯಂತ ಬಾಗಿಲಲ್ಲೇ ನಿಂತಿದ್ದೆ."

ಇಷ್ಟು ಸರಳ ಲೆಕ್ಕ ನನಗೆ ಒಂದು ವರ್ಷ ಹೊಳೆದಿರಲಿಲ್ಲ. ಭಾನುವಾರ ಬರುತ್ತೇನೆ ಎಂದೆ. ರೊಟ್ಟಿ ತಟ್ಟಿರ್ತೀನಿ ಎಂದು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತ ಮೇಲೆ ಅತ್ತಳು. ನಾನು ಕೆಳಗೆ ನಿಂತು ಅತ್ತೆ. ಇದಕ್ಕೂ ಬಸ್ಸಿನಲ್ಲಿ ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು.

ನಾಟಕದ ಹಾಲ್‌ಗೆ ಓಡಿ ಬಂದರೆ ನಾಟಕ ಮುಗಿದಿತ್ತು. ಅಣ್ಣನಿಲ್ಲದೆ ಅಂಬಿಕಾ ಟೀಚರ್ ಖಾಲಿ ಕುರ್ಚಿಯ ಜೊತೆ ಮಾತಾಡಿ, ಅದನ್ನೇ ಕ್ಷಮಿಸಿ, ಜನರನ್ನು ಅಳಿಸಿದ್ದರಂತೆ. ನಿರ್ದೇಶಕ ಶಿವಣ್ಣ ಮೇಷ್ಟ್ರ ಕಣ್ಣು ಇನ್ನೂ ಒದ್ದೆಯಾಗಿತ್ತು. ನಾನು ಕ್ಷಮೆ ಕೇಳಲು ಹೋದರೆ ಅವರು ನನ್ನ ಕೈ ಹಿಡಿದುಕೊಂಡರು.

"ಮುಂದಿನ ತಿಂಗಳು ಹೊಳಲ್ಕೆರೇಲಿ ಐತೆ ಸರ್. ಅಲ್ಲೂ ಅರ್ಧಕ್ಕೇ ಇಳಿದು ಹೋಗ್ರಿ. ಆದ್ರೆ, ಇನ್ನೂ ಸ್ವಲ್ಪ ಬೇಗ."