ಕೊಳ್ಳದವರ ಕಾರುಬಾರು

ಕನ್ನಡಕದಂಗಡಿಯ ಯಜಮಾನರು ಜನ್ಮದಲ್ಲಿ ಕಾರು ಕೊಳ್ಳುವುದಿಲ್ಲವೆಂದು ಶಪಥ ಮಾಡಿದ್ದು ತಮ್ಮ ಹಳೆಯ ಸ್ಕೂಟರಿನ ಸೀಟು ತಟ್ಟಿ. (ಎದ್ದ ಧೂಳೇ ಅದಕ್ಕೆ ಸಾಕ್ಷಿ.) ಆಗ ದೇಶಕ್ಕೆ ದೇಶವೇ ಕಾರಿನ ಹಿಂದೆ ಬಿದ್ದಿತ್ತು. ಮುಖ್ಯರಸ್ತೆಯಲ್ಲಿ ಒಂದು ಕಂಪನಿ ಶೋರೂಮ್ ತೆರೆದರೆ, ಎದುರಿಗೇ ಇನ್ನೊಂದು ಕಂಪನಿ ಅದಕ್ಕಿಂತ ಅಗಲದ ಗಾಜು ಹಾಕಿಸುತ್ತಿತ್ತು.

"ಏನ್ರೀ ಇದು ಹಟ? ನನ್ನ ತಮ್ಮನ ಮದುವೆಗಾದ್ರೂ ಕಾರಲ್ಲಿ ಹೋಗಿ ಇಳೀಬೇಕು ಅಂತ ನನಗಾಸೆ ಇರಲ್ವಾ?" ಎಂದರು ಮನೆಯಾಕೆ.

"ಇಳಿಯೋಕೆ ಕಾರು ಬೇಕು, ಒಪ್ಪಿದೆ. ಅದನ್ನ ಕೊಳ್ಳಲೇಬೇಕು ಅಂತ ಯಾರು ಹೇಳಿದ್ರು?"

ಯಜಮಾನರ ತಲೆಯಲ್ಲಿ ಟೆಸ್ಟ್ ಡ್ರೈವ್ ಎಂಬ ದಿವ್ಯಜ್ಞಾನ ಉದಯವಾದದ್ದು ಹೀಗೆ. "ನಿಮ್ಮ ಎದುರಿನವರ ಕಾರಲ್ಲಿ ಕಾಲು ಚಾಚಿ ಕೂರಬಹುದಂತೆ" ಎಂದು ಒಂದು ಶೋರೂಮಿಗೆ ಫೋನಿನಲ್ಲಿ ಅಂದರೆ ಸಾಕು, ಇನ್ನೂ ದೊಡ್ಡ ಕಾರು ಬಾಗಿಲಿಗೆ ಬರುತ್ತಿತ್ತು. ಒಂದು ಭಾನುವಾರ ಕೆಂಪು ಕಾರಿನಲ್ಲಿ ಅತ್ತೆಯವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದರು. ಮುಂದಿನ ವಾರ ಬಿಳಿ ಕಾರಿನ ಡಿಕ್ಕಿ ಎಷ್ಟು ಹಿಡಿಯುತ್ತದೆಂದು ಪರೀಕ್ಷಿಸುವ ನೆಪದಲ್ಲಿ ತಿಂಗಳ ದಿನಸಿಯೆಲ್ಲ ಮನೆ ಸೇರಿತು. ಮೂಟೆ ಹೊತ್ತವನು ಟೈ ಕಟ್ಟಿದ್ದ ಸೇಲ್ಸ್‌ಮನ್.

"ಅಳಿಯಂದಿರೇ, ಇದು ಕುಲುಕುತ್ತೆ. ಇನ್ನೊಂದು ಹಲ್ಲು ಕೀಳಿಸೋವಾಗ ಆ ಕೆಂಪುದನ್ನೇ ಕರೆಸಿ" ಎಂದರು ಅತ್ತೆ.

ಬೀದಿಯವರಿಗೆ ಈ ಒಳಗುಟ್ಟು ಹೇಗೆ ತಿಳಿಯಬೇಕು? ವಾರಕ್ಕೊಂದು ಹೊಸ ಕಾರು ಕನ್ನಡಕದವರ ಮನೆ ಮುಂದೆ! ಎದುರುಮನೆಯ ದರ್ಜಿಗೆ ಊಟ ರುಚಿಸದಾಯಿತು.

"ಸಾರ್, ನೀವು ಎಲ್ಲಾ ಓಡಿಸಿ ನೋಡಿದೀರಿ. ಯಾವುದು ತಗೊಳ್ಳಲಿ?"

ಯಜಮಾನರು ಕನ್ನಡಕ ಸರಿಪಡಿಸಿಕೊಂಡು ಮೈಲೇಜಿನಿಂದ ಶುರುಮಾಡಿ ಬ್ರೇಕಿನವರೆಗೆ ಉಪನ್ಯಾಸ ಕೊಟ್ಟರು. ದರ್ಜಿ ಕೆಂಪು ಕಾರು ತಂದ. ಅದನ್ನು ನೋಡಿದ ಪಕ್ಕದ ಮನೆಯ ಕ್ಯಾಷಿಯರು ಅದಕ್ಕಿಂತ ಒಂದು ಗೇಣು ಉದ್ದದ್ದು ತಂದರು. ಕ್ಯಾಷಿಯರನ್ನು ನೋಡಿ ಉಳಿದವರು.

"ಇಡೀ ಬೀದಿ ಹಳ್ಳಕ್ಕೆ ಬಿತ್ತು, ನಾನೊಬ್ಬ ದಡದಲ್ಲಿದ್ದೀನಿ!" ಎಂದು ಯಜಮಾನರು ಮನೆಯಾಕೆಯೆದುರು ಎದೆ ಸೆಟೆಸಿದರು.

ಮದುವೆಯ ದಿನಕ್ಕೆಂದು ದೊಡ್ಡ ಗಾಡಿಯೊಂದರ ಟೆಸ್ಟ್ ಡ್ರೈವ್ ಮೊದಲೇ ಗೊತ್ತುಮಾಡಿದ್ದರು. ಬೆಳಿಗ್ಗೆ ಬಂದದ್ದು ಗಾಡಿಯಲ್ಲ, ಸೇಲ್ಸ್‌ಮನ್. ಕೈಯಲ್ಲಿ ಹೂಗುಚ್ಛ.

"ಕ್ಷಮಿಸಿ ಸಾರ್, ಟೆಸ್ಟ್ ಡ್ರೈವ್ ಗಾಡಿನೂ ನಿಮ್ಮ ಬೀದಿಯವರೇ ಕೊಂಡ್ಕೊಂಡ್ಬಿಟ್ರು! ಎದುರಿನ ಶೋರೂಮಲ್ಲೂ ಅದೇ ಕಥೆ. ನಿಮ್ಮಷ್ಟು ವ್ಯಾಪಾರ ತಂದವರು ನಮ್ಮಲ್ಲೇ ಯಾರೂ ಇಲ್ಲ. ಅದಕ್ಕೇ ಸಣ್ಣದೊಂದು ಕಾಣಿಕೆ." ಅದು ಕಾರಿನ ಕೀಚೈನು.

"ಸ್ಕೂಟರ್ ಇದೆ, ಹತ್ತೇ!" ಎಂದು ಮನೆಯಾಕೆಗೆ ಗುಡುಗಿ ಯಜಮಾನರು ಒಂದೇ ಒದೆತಕ್ಕೆ ಅದನ್ನು ಸ್ಟಾರ್ಟ್ ಮಾಡಿದರು. ಆದರೆ ಸ್ಕೂಟರ್ ಹೊರಬೀಳದ ಹಾಗೆ ಗೇಟಿಗೆ ಅಡ್ಡವಾಗಿ ಕಾರುಗಳು ಮೂಗಿಗೆ ಬಾಲ ತಾಗಿಸಿ ನಿಂತಿದ್ದವು, ಎಲ್ಲವೂ ಅವರೇ ಶಿಫಾರಸು ಮಾಡಿದವು. ಅಷ್ಟರಲ್ಲಿ ದರ್ಜಿಯ ಕೆಂಪು ಕಾರು ಹಾರನ್ ಹೊಡೆಯಿತು. ಹಿಂದಿನ ಸೀಟಿನಲ್ಲಿ ಅತ್ತೆಯವರು ಆಗಲೇ ಕಾಲು ಚಾಚಿ ಕೂತಿದ್ದರು. ಮನೆಯಾಕೆಯೂ ಹೋಗಿ ಹತ್ತಿಕೊಂಡರು.

"ಬನ್ರೀ, ಮಧ್ಯ ಒಂಚೂರು ಜಾಗ ಇದೆ."

"ಕೊಂಡವರ ಕಾರೂ ಬೇಡ, ಶಪಥ ಅಂದ್ರೆ ಶಪಥ! ನಡ್ಕೊಂಡೇ ಬರ್ತೀನಿ!"

ಸ್ಕೂಟರಿನ ಕೀಲಿಯನ್ನು ಹೊಸ ಕೀಚೈನಿಗೆ ಸಿಕ್ಕಿಸಿ, ತಲೆಯೆತ್ತಿ ನೆಟ್ಟಗೆ ಹೊರಡಬೇಕೆಂದಿದ್ದರು. ಆದರೆ ಕಾರುಗಳ ನಡುವಿನ ಸಂದಿ ಅವರಿಗೆ ದಾರಿ ಬಿಟ್ಟದ್ದು, ಹೊಟ್ಟೆ ಒಳಗೆಳೆದುಕೊಂಡು ಏಡಿಯ ಹಾಗೆ ಅಡ್ಡಡ್ಡ ಹೊರಡುವುದಕ್ಕೆ ಮಾತ್ರ.