ಮೈದುನನ ಡ್ರಾಪರ್

ನನ್ನ ಮೈದುನನ ಕಣ್ಣಿನಲ್ಲಿ ಯಾವ ದೋಷವೂ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ. ನಮ್ಮ ಮನೆಯ ಗ್ರಹಚಾರವೇ ಅದು!

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಮದುವೆ ವಿಡಿಯೋ ಸ್ಟುಡಿಯೋ. ಕ್ಯಾಮೆರಾ ಯಾರು ಬೇಕಾದರೂ ಹಿಡಿಯಲಿ, ಬಣ್ಣ ತಿದ್ದುವವನು ಮಾತ್ರ ಇವನೇ. ತಟ್ಟೆಯ ಮುಂದೆ ಕೂತರೂ ಅದೇ ಕಸುಬು.

"ಅತ್ತಿಗೆ, ಸಾರಲ್ಲಿ ಕೆಂಪು ಒಂಚೂರು ಜಾಸ್ತಿ ಆಗಿದೆ."

"ಖಾರ ಆಯ್ತೇನೋ?"

"ಗೊತ್ತಿಲ್ಲ, ಇನ್ನೂ ತಿಂದಿಲ್ಲ!"

ಅವನ ಕಂಪ್ಯೂಟರಿನಲ್ಲಿ, ಕಿವಿಗೆ ಔಷಧ ಹಾಕುವ ಡ್ರಾಪರಿನಂಥ ಪುಟ್ಟ ಚಿತ್ರವೊಂದಿದೆ. ಅದನ್ನು ಯಾವ ಬಣ್ಣದ ಮೇಲಿಟ್ಟು ಒತ್ತುತ್ತಾನೋ ಆ ಬಣ್ಣದ್ದೆಲ್ಲ ತೆರೆಯ ಮೇಲೆ ಆಯ್ದು ನಿಲ್ಲುತ್ತದೆ. ಮಿಕ್ಕ ಜಗತ್ತೆಲ್ಲ ಬೂದಿ. ಹಾಗೆ ಆಯ್ದದ್ದಕ್ಕೆ 'ಕೀ' ಎನ್ನುತ್ತಾರಂತೆ. ಆಮೇಲೆ ಅದೊಂದನ್ನೇ ಬೇಕಾದ ಬಣ್ಣಕ್ಕೆ ತಿರುಗಿಸಬಹುದು. ಡ್ರಾಪರಿಗೆ ಬಣ್ಣ ಗೊತ್ತೇ ಹೊರತು ಮನುಷ್ಯರು ಗೊತ್ತಿಲ್ಲ. ಈ ವಿಷಯದಲ್ಲಿ ಅದಕ್ಕೂ ನಮ್ಮ ಕೆಲವು ನೆಂಟರಿಗೂ ಏನೂ ವ್ಯತ್ಯಾಸವಿಲ್ಲ.

ಒಮ್ಮೆ ಹಗರೆಯ ಜೋಡಿಯೊಂದಕ್ಕೆ ಹುಲಿಕೆರೆಯ ಕಲ್ಯಾಣಿಯಲ್ಲಿ ಮದುವೆಗೆ ಮುಂಚಿನ ಶೂಟಿಂಗ್. ನೀರು ಪಾಚಿಗಟ್ಟಿತ್ತು. ಇವನು ಪಾಚಿಯ ಮೇಲೆ ಡ್ರಾಪರ್ ಇಟ್ಟು ಕಲ್ಯಾಣಿಯನ್ನು ಸಮುದ್ರದಷ್ಟು ನೀಲಿ ಮಾಡಿದ. ಜೊತೆಯಲ್ಲಿ ವರನ ಹಸಿರು ಜುಬ್ಬವೂ ನೀಲಿಯಾಯಿತು! ವರನ ತಾಯಿ ನೇರ ಸ್ಟುಡಿಯೋಗೇ ಬಂದರು.

"ನಾನು ಕೊಡ್ಸಿದ್ದು ಹಸ್ರುದು ಕಣಪ್ಪ. ಈ ನೀಲಿದು ಯಾರು ಕೊಡ್ಸುದ್ರು? ಆ ಹುಡ್ಗೀನಾ? ಈಗ್ಲೇ ಶುರು ಹಚ್ಕಂಡ್ಲಾ?"

ಇಂಥವನ ಕೈಗೆ ನನ್ನ ಮಗಳ ನಿಶ್ಚಿತಾರ್ಥದ ವಿಡಿಯೋ ಸಿಕ್ಕಿತು. ಮಗಳು ನನ್ನ ಹಾಗೆ ಕಪ್ಪು. ಕಾನ್ವೆಂಟಿನ ಕ್ರಿಸ್‌ಮಸ್ ನಾಟಕದಲ್ಲಿ ನನ್ನನ್ನು ಒಮ್ಮೆಯೂ ದೇವದೂತೆ ಮಾಡದೆ, ಪ್ರತಿ ವರ್ಷ ಒಂಟೆಯ ಹಿಂಭಾಗ ಮಾಡುತ್ತಿದ್ದರು, ಅಂಥ ಕಪ್ಪು.

ಹುಡುಗನ ಸೋದರತ್ತೆ ಬೇಲೂರಿನಿಂದ ಮೈದುನನಿಗೆ ಫೋನ್ ಮಾಡಿದರು. ಅವನು ನಮ್ಮ ಅಡುಗೆಮನೆಯಲ್ಲೇ ಕೂತಿದ್ದ, ಸ್ಪೀಕರ್ ಆನ್ ಆಗಿತ್ತು.

"ಹುಡುಗಿ ಲಕ್ಷಣವಾಗಿದ್ದಾಳೆ, ಅದ್ರಲ್ಲಿ ಮಾತೇ ಇಲ್ಲ. ನಮ್ಮ ಕಡೆಯವ್ರೆಲ್ಲ ನೋಡ್ತಾರಲ್ಲ, ಸ್ವಲ್ಪ ಬೆಳ್ಳಗೆ ಮಾಡ್ಬಿಡಿ. ಕಂಪ್ಯೂಟರಲ್ಲಿ ಆಗುತ್ತಂತಲ್ಲ?"

"ಧಾರಾಳವಾಗಿ ಆಗುತ್ತಮ್ಮ," ಎಂದ ಮಹಾರಾಯ!

ಅವರೆಕಾಯಿ ಬಿಡಿಸುತ್ತಿದ್ದ ಮಗಳು ಕಾಳನ್ನು ಕಸಕ್ಕೂ ಸಿಪ್ಪೆಯನ್ನು ಪಾತ್ರೆಗೂ ಹಾಕತೊಡಗಿದಳು.

ಮರುದಿನ ನನ್ನನ್ನು ಸ್ಟುಡಿಯೋಗೆ ಕರೆದ. "ಸುಮ್ನೆ ಕೈನ ತೆರೆ ಪಕ್ಕ ಹಿಡೀರಿ ಅತ್ತಿಗೆ." ನಾನು ಹಿಡಿದೆ. ಕೋಪ ಬಂದದ್ದು ಎದುರಿನವರಿಗೆ ಕಾಣಲಿ ಎಂದರೆ, ಕೆಂಪೇರುವ ಬಣ್ಣವೂ ನನ್ನದಲ್ಲ!

ಭಾನುವಾರ ಬೇಲೂರಿನಲ್ಲಿ ಸೋದರತ್ತೆಯ ಟಿವಿಯ ಮುಂದೆ ಎರಡೂ ಕಡೆಯವರು ಸೇರಿದೆವು. ವಿಡಿಯೋ ಶುರುವಾಯಿತು. ಮಗಳು ಹಾಲಿನಷ್ಟು ಬೆಳ್ಳಗಿದ್ದಳು. ಎಲೆಯ ಮೇಲಿನ ಹೋಳಿಗೆ ಅಕ್ಕಿರೊಟ್ಟಿಯಾಗಿತ್ತು. ಛತ್ರದ ತೇಗದ ಬಾಗಿಲಿಗೆ ಸುಣ್ಣ ಬಳಿದಂತಿತ್ತು. ಹುಡುಗ ವಿಷಮಶೀತ ಜ್ವರದಿಂದ ಆಗತಾನೇ ಎದ್ದು ಬಂದವನಂತಿದ್ದ. ಇನ್ನು ಸೋದರತ್ತೆಯ ಕತ್ತಿನ ನಾಲ್ಕೆಳೆ ಸರ, ಕೈತುಂಬ ಬಳೆ? ಅಪ್ಪಟ ಬೆಳ್ಳಿ!

"ಅಯ್ಯೋ, ನನ್ನ ಸರ! ಬೆಳ್ಳಿ ಹಾಕ್ಕೊಂಡು ಬಂದಿದ್ಲು ಅಂತಾರಲ್ರೀ!"

"ಏನ್ಮಾಡ್ಲಿ ಅಮ್ಮ, ಮೈಬಣ್ಣ, ಚಿನ್ನ, ಹೋಳಿಗೆ ಎಲ್ಲ ಒಂದೇ ಮನೆತನದವು. ಒಬ್ಬರನ್ನ ಕರೆದ್ರೆ ಎಲ್ಲರೂ ಹೊರಟುಬರ್ತಾರೆ. ಬೆಳ್ಳಗೆ ಮಾಡ್ದೆ ಇರೋ ವಿಡಿಯೋನೂ ತಂದಿದ್ದೀನಿ..."

"ಅದನ್ನೇ ಹಾಕಿ, ಅದನ್ನೇ! ಹುಡುಗಿ ಇದ್ದ ಹಾಗೇ ಚೆಂದ!"

ಚಿನ್ನದ ಮಹಿಮೆ ನೋಡಿ! ಎರಡನೆಯದರಲ್ಲಿ ಮಗಳು ಮಗಳಾಗಿಯೇ ಬಂದಳು. ಅಲ್ಲಿಯವರೆಗೆ ಚಾಪೆಯ ಅಂಚು ಕೀಳುತ್ತಿದ್ದವಳು ತಲೆಯೆತ್ತಿ ನೋಡಿದಳು.

ವಾಪಸ್ ಬರುವಾಗ ಬಸ್ಸು ಹಳೇಬೀಡು ದಾಟಿದ ಮೇಲೆ ಮೈದುನನನ್ನು ಕೇಳಿದೆ.

"ಸರ ಬಿಟ್ಟು ಮುಖ ಮಾತ್ರ ಆರಿಸೋಕೆ ಬರ್ತಿರಲಿಲ್ವೇನೋ ನಿಂಗೆ?"

"ಬರುತ್ತೆ."

"ಮತ್ತೆ ನನ್ನ ಕೈ ಯಾಕೆ ಬೇಕಿತ್ತು?"

ಅವನು ಕಿಟಕಿಯ ಕಡೆ ತಿರುಗಿದ. "ಛತ್ರದ ಟ್ಯೂಬ್‌ಲೈಟಿಗೆ ಮಗು ಮುಖ ಹಸಿರು ಹೊಡೀತಿತ್ತು. ನಿಮ್ಮ ಕೈ ನೋಡ್ಕೊಂಡು ಸರಿ ಮಾಡ್ದೆ. ಅಮ್ಮ ಹೋದ್ಮೇಲೆ ನಂಗೆ ಅನ್ನ ಕಲಸಿ ಹಾಕಿದ ಕೈ ಅಲ್ವಾ ಅತ್ತಿಗೆ, ಆ ಬಣ್ಣ ಮಾತ್ರ ತಪ್ಪಬಾರದು."

ಸೆರಗಿನೊಳಗಿದ್ದ ಕೈಯನ್ನು ಮೆಲ್ಲಗೆ ಹೊರಗೆ ತೆಗೆದು, ಕಿಟಕಿಯ ಬಿಸಿಲಲ್ಲಿ ಇಟ್ಟುಕೊಂಡೆ.